ಮಳೆ ಹಿಡಿದ ಮೇಲೆ ಕಾಂಪೋಸ್ಟ್ ಡ್ರಮ್ ಕೆಸರಾಗಿದೆ, ನಿಲ್ಲಿಸಿಬಿಡಲಾ?

ಹೊಸಕೈತೋಟ:

ಎಲ್ಲರಿಗೂ ನಮಸ್ಕಾರ. ಕಾಂಪೋಸ್ಟ್ ಮಾಡಲು ಶುರುಮಾಡಿ ಏಳು ತಿಂಗಳಾಯಿತು. ಹಿತ್ತಲ ಗೋಡೆಯ ಪಕ್ಕ 200 ಲೀಟರಿನ ಹಳೇ ಪ್ಲಾಸ್ಟಿಕ್ ಡ್ರಮ್ ಇಟ್ಟಿದ್ದೇನೆ. ಪಕ್ಕದಲ್ಲಿ ಇಪ್ಪತ್ತು ಚಿಲ್ಲರೆ ತೂತು ಕೊರೆದಿದ್ದೇನೆ, ತಳದಲ್ಲಿ ಇಲ್ಲ. ತರಕಾರಿ ಸಿಪ್ಪೆ, ಸೊಪ್ಪಿನ ಕಡ್ಡಿ, ಸೋಸಿದ ಚಹಾಪುಡಿ ಎಲ್ಲ ಸೇರಿ ದಿನಕ್ಕೆ ಒಂದು ಕಿಲೋ ಬೀಳುತ್ತದೆ. ಮೇಲೆ ಒಂದು ಹಿಡಿ ಒಣ ಎಲೆ ಉದುರಿಸುತ್ತೇನೆ.

ಬೇಸಿಗೆಯಲ್ಲಿ ಎಷ್ಟು ಚೆನ್ನಾಗಿ ನಡೆಯಿತು ಅಂದರೆ, ಸಿಕ್ಕವರಿಗೆಲ್ಲ ಪಾಠ ಹೇಳಲು ಶುರುಮಾಡಿದ್ದೆ. ಎರಡು ಬಕೆಟ್ ಗೊಬ್ಬರ ಜರಡಿ ಹಿಡಿದು ಟೊಮೆಟೊ ಗಿಡಗಳಿಗೆ ಹಾಕಿದೆ. ಆಮೇಲೆ ಮಳೆ ಹಿಡಿಯಿತು. ಮೂರೇ ವಾರದಲ್ಲಿ ಎಲ್ಲ ಕೆಟ್ಟಿತು. ಮುಚ್ಚಳ ತೆಗೆದರೆ ಕೊಳೆತ ಮೊಟ್ಟೆಯ ವಾಸನೆ. ಕೋಲು ಹಾಕಿದರೆ ಪಚಪಚ ಅನ್ನುತ್ತದೆ. ನನಗೆ ಅರ್ಥವೇ ಆಗದ ವಿಷಯ ಏನೆಂದರೆ, ಡ್ರಮ್ಮಿಗೆ ಮುಚ್ಚಳ ಇದೆ, ಮೇಲೆ ಶೀಟಿನ ಮಾಡೂ ಇದೆ. ಒಳಗೆ ಮಳೆ ನೀರು ಹೋಗಲು ದಾರಿಯೇ ಇಲ್ಲ. ಇಷ್ಟು ನೀರು ಎಲ್ಲಿಂದ ಬಂತು?

ಮೊನ್ನೆ ನೋಡಿದರೆ ಹುಳುಗಳು. ಒಂದೆರಡಲ್ಲ. ಬೂದು ಬಣ್ಣ, ಚಪ್ಪಟೆ ಮೈ, ಅರ್ಧ ಬೆರಳುದ್ದ. ಕೆಲವು ಗೋಡೆ ಹತ್ತುತ್ತಿದ್ದವು. ಅತ್ತೆ ಬಂದು ನೋಡಿ, "ಇದನ್ನೆಲ್ಲ ಎಸೆದು ಡ್ರಮ್ ತೊಳೆದಿಡಮ್ಮ" ಅಂದರು. ಮನೆಯವರು ಏನೂ ಹೇಳಲಿಲ್ಲ, ಹಿತ್ತಲ ಬಾಗಿಲು ಮುಚ್ಚಿ ಚಿಲಕ ಹಾಕಿದರು ಅಷ್ಟೇ.

ಮಳೆಗಾಲ ಮುಗಿಯುವವರೆಗೆ ನಿಲ್ಲಿಸಿ ಆಮೇಲೆ ಶುರುಮಾಡಲಾ? ಹುಳು ಬಂದರೆ ಹಾಳಾಯಿತು ಅಂತ ಅರ್ಥವಾ? ಚಳಿಗಾಲಕ್ಕೆ ಇನ್ನೇನು ಕಾದಿದೆಯೋ ಗೊತ್ತಿಲ್ಲ.

ಬಾಲ್ಕನಿಬಳ್ಳಿ:

ನಮಗೂ ಹೀಗೇ ಆಗಿತ್ತು. ಮೇಲೆ ಎರಡು ಹಿಡಿ ಸುಣ್ಣ ಎರಚಿ. ವಾಸನೆ ಹೋಗುತ್ತದೆ, ಹುಳುವೂ ಸಾಯುತ್ತದೆ. ಮಳೆಗಾಲದಲ್ಲಿ ನಾನಂತೂ ಮಾಡುವುದಿಲ್ಲ. ಸುಮ್ನೆ ತಲೆನೋವು.

ತರಗೆಲೆಚೀಲ:

ಸುಣ್ಣ ಬೇಡ. ಬಾಲ್ಕನಿಬಳ್ಳಿಯವರು ಬೇಸರ ಮಾಡಿಕೊಳ್ಳಬೇಡಿ. ಹಸಿ ರಾಶಿಗೆ ಸುಣ್ಣ ಬಿದ್ದರೆ ಅದರಲ್ಲಿರುವ ಸಾರಜನಕ ಅಮೋನಿಯಾ ಆಗಿ ಗಾಳಿಗೆ ಹೋಗುತ್ತದೆ. ಗಿಡಕ್ಕೆ ಸಿಗಬೇಕಾದದ್ದನ್ನು ನಾವೇ ಹಾರಿಬಿಟ್ಟ ಹಾಗೆ. ವಾಸನೆಯ ಮೂಲವಂತೂ ಹಾಗೇ ಇರುತ್ತದೆ.

ನಿಲ್ಲಿಸುವುದೂ ಬೇಡ. ಹನ್ನೆರಡು ವರ್ಷದ ಹಿಂದೆ ನನ್ನ ಮೊದಲ ಮಳೆಗಾಲದಲ್ಲಿ ನನಗೂ ಇದೇ ಗತಿ ಆಗಿತ್ತು. ನಾಚಿಕೆಯಾಗಿ, ಯಾರೂ ನೋಡದ ಹಾಗೆ ರಾತ್ರಿ ಹೊತ್ತು ಗುಂಡಿ ತೋಡಿ ಇಡೀ ಡ್ರಮ್ ಕವುಚಿ ಮಣ್ಣು ಮುಚ್ಚಿದೆ. ಬೆಳಗ್ಗೆ ಎದ್ದು ನೋಡಿದರೆ ನಾಯಿಗಳು ಪೂರ್ತಿ ಕೆದಕಿ ಅಂಗಳದ ತುಂಬ ಹರಡಿದ್ದವು. ಎಲ್ಲರೂ ನೋಡಿದರು.

ಈಗ ನೀರು ಎಲ್ಲಿಂದ ಬಂತು ಅನ್ನುವ ನಿಮ್ಮ ಪ್ರಶ್ನೆ. ನೀವೇ ಹಾಕಿದ್ದು. ತರಕಾರಿ, ಹಣ್ಣಿನ ಸಿಪ್ಪೆಯಲ್ಲಿ ನೂರಕ್ಕೆ 80ರಿಂದ 90 ಭಾಗ ನೀರೇ ಇರುತ್ತದೆ. ದಿನಕ್ಕೆ ಒಂದು ಕಿಲೋ ಹಾಕಿದರೆ ತಿಂಗಳಿಗೆ 30 ಕಿಲೋ. ಅದರಲ್ಲಿ ಸುಮಾರು 25 ಲೀಟರ್ ನೀರು. ಸಿಪ್ಪೆ ಕೊಳೆತು ಕುಸಿದಂತೆಲ್ಲ ಅದು ಹೊರಗೆ ಬರುತ್ತದೆ. ಬೇಸಿಗೆಯಲ್ಲಿ ಆ ನೀರು ತೂತುಗಳಿಂದ ಆವಿಯಾಗಿ ಹೋಗುತ್ತಿತ್ತು, ನಿಮಗೆ ಗೊತ್ತೇ ಆಗಲಿಲ್ಲ. ಮಳೆಗಾಲದ ಗಾಳಿ ಮೊದಲೇ ತೇವದಿಂದ ತುಂಬಿರುತ್ತದೆ, ಇನ್ನಷ್ಟು ಹೀರುವುದಿಲ್ಲ. ತಳದಲ್ಲಿ ತೂತೂ ಇಲ್ಲ. ನೀರು ಎಲ್ಲಿಗೆ ಹೋಗಬೇಕು ಹೇಳಿ? ಬೇಸಿಗೆಯಲ್ಲಿ ನೀವು ಚೆನ್ನಾಗಿ ಮಾಡಿದಿರಿ ಅಂದುಕೊಂಡಿದ್ದೀರಿ. ಮಾಡಿದ್ದು ಬಿಸಿಲು!

ನೀರು ತುಂಬಿದ ಕಡೆ ಗಾಳಿಗೆ ಜಾಗ ಇರುವುದಿಲ್ಲ. ಗಾಳಿ ಬೇಕಾದ ಸೂಕ್ಷ್ಮಜೀವಿಗಳು ಸುಮ್ಮನಾಗುತ್ತವೆ, ಗಾಳಿ ಬೇಡದವು ಕೆಲಸ ಶುರುಮಾಡುತ್ತವೆ. ಕೊಳೆತ ಮೊಟ್ಟೆಯ ವಾಸನೆ ಅವುಗಳದ್ದು. ಮೂಗಿಗೆ ಚುಚ್ಚುವ, ಮೂತ್ರದಂಥ ವಾಸನೆ ಬಂದರೆ ಅದು ಬೇರೆ ಕಥೆ, ಅದು ಅಮೋನಿಯಾ. ಹಸಿ ಕಸ ಜಾಸ್ತಿ, ಒಣ ಕಸ ಕಡಿಮೆ ಅಂತ ಅರ್ಥ. ಎರಡಕ್ಕೂ ಮದ್ದು ಒಂದೇ. ಒಣ ಎಲೆ.

ನೀವು "ಒಂದು ಹಿಡಿ" ಅಂತ ಬರೆದಿದ್ದೀರಲ್ಲ, ಅಲ್ಲೇ ನನಗೆ ಸಿಕ್ಕಿಬಿದ್ದಿರಿ. ಸೂಕ್ಷ್ಮಜೀವಿಗಳಿಗೆ ಒಂದು ಪಾಲು ಸಾರಜನಕಕ್ಕೆ 25ರಿಂದ 30 ಪಾಲು ಇಂಗಾಲ ಇದ್ದರೆ ಹಿತ. ಅಡುಗೆಮನೆಯ ಹಸಿ ಕಸದಲ್ಲಿ ಅದು 15ರಿಂದ 20ರ ಹತ್ತಿರ ಇರುತ್ತದೆ. ಒಣ ಎಲೆಯಲ್ಲಿ ಅದು ತುಂಬಾ ಮೇಲೆ ಹೋಗುತ್ತದೆ, ಸುಮಾರು 40ರಿಂದ 80. ಲೆಕ್ಕ ಹಾಕುತ್ತಾ ಕೂರಬೇಡಿ. ನಾನು ಒಂದೇ ಅಳತೆಯ ಹಳೇ ಪಾತ್ರೆ ಇಟ್ಟುಕೊಂಡಿದ್ದೇನೆ. ಬೇಸಿಗೆಯಲ್ಲಿ ಒಂದು ಪಾತ್ರೆ ಸಿಪ್ಪೆಗೆ ಒಂದು ಪಾತ್ರೆ ಎಲೆ. ಮಳೆಗಾಲದಲ್ಲಿ ಒಂದಕ್ಕೆ ಮೂರು. ಎಲೆ ಹಗುರ, ಮೂರು ಪಾತ್ರೆ ಅಂದರೆ ಏನೂ ಭಾರವಲ್ಲ, ಗಾಬರಿಯಾಗಬೇಡಿ. ಎಲೆಯನ್ನು ಕೈಯಲ್ಲೇ ಪುಡಿ ಮಾಡಿ ಹಾಕಿ. ಅಗಲ ಎಲೆಗಳನ್ನು ಇಡಿಯಾಗಿ ಹಾಕಿದರೆ ಒದ್ದೆಯಾಗಿ ಒಂದರ ಮೇಲೊಂದು ಅಂಟಿ ಚಾಪೆಯ ಹಾಗೆ ಕೂರುತ್ತವೆ, ಗಾಳಿ ಒಳಗೆ ಹೋಗುವುದಿಲ್ಲ.

ಈಗ ಡ್ರಮ್ಮಿಗೆ ಏನು ಮಾಡಬೇಕು. ಮಳೆ ಬಿಟ್ಟ ಒಂದು ಬೆಳಗ್ಗೆ ಟಾರ್ಪಾಲಿನ್ ಹಾಸಿ ಎಲ್ಲವನ್ನೂ ಅದರ ಮೇಲೆ ಸುರಿಯಿರಿ. ಮೂಗಿಗೆ ಬಟ್ಟೆ ಕಟ್ಟಿಕೊಳ್ಳಿ, ಅರ್ಧ ಗಂಟೆಯಲ್ಲಿ ವಾಸನೆ ಕಡಿಮೆಯಾಗುತ್ತದೆ. ಅಷ್ಟರಲ್ಲಿ ಡ್ರಮ್ಮಿನ ತಳಕ್ಕೆ ಬೆರಳು ತೂರುವಷ್ಟು ಹತ್ತು ಹದಿನೈದು ತೂತು ಕೊರೆಯಿರಿ. ನಾಲ್ಕು ಇಟ್ಟಿಗೆ ಇಟ್ಟು ಅದರ ಮೇಲೆ ಕೂರಿಸಿ. ಒಳಗೆ ಮೊದಲು ಗೇಣುದ್ದ ಒಣ ಕಡ್ಡಿಗಳನ್ನು ಅಡ್ಡಾದಿಡ್ಡಿ ಹಾಕಿ. ಆಮೇಲೆ ಕೆಸರನ್ನು ಎಲೆಯ ಜೊತೆ ಕಲಸಿ ಕಲಸಿ ತುಂಬಿಸಿ. ಒಂದು ಹಿಡಿ ತೆಗೆದು ಗಟ್ಟಿಯಾಗಿ ಹಿಂಡಿ. ಒಂದೆರಡು ಹನಿ ಬಂದರೆ ಸರಿ. ಧಾರೆಯಾಗಿ ಬಂದರೆ ಇನ್ನೂ ಎಲೆ ಬೇಕು. ಕೈ ಬಿಟ್ಟ ಕೂಡಲೇ ಪುಡಿಯಾಗಿ ಉದುರಿದರೆ ನೀರು ಬೇಕು. ಆ ಮಾತು ಈಗ ನಿಮಗೆ ನಗು ತರಿಸಬಹುದು, ಬೇಸಿಗೆಯಲ್ಲಿ ನೆನಪಾಗುತ್ತದೆ.

ಮಳೆಗೆ ಪದ್ಧತಿ ಬದಲಿಸುವುದು ಇವತ್ತಿನ ವಿಷಯವೇನಲ್ಲ. ಇಂಗ್ಲಿಷ್ ಕೃಷಿ ವಿಜ್ಞಾನಿ ಆಲ್ಬರ್ಟ್ ಹೋವರ್ಡ್ 1924ರಿಂದ 1931ರವರೆಗೆ ಇಂದೋರಿನಲ್ಲಿದ್ದಾಗ ರೂಪಿಸಿದ ಇಂದೋರ್ ಪದ್ಧತಿಯಲ್ಲಿ ಒಣ ಕಾಲಕ್ಕೆ ಗುಂಡಿ, ಮಳೆಗಾಲಕ್ಕೆ ನೆಲದ ಮೇಲೆ ರಾಶಿ. ಗುಂಡಿ ತೇವ ಹಿಡಿದಿಡುತ್ತದೆ, ರಾಶಿಯಿಂದ ನೀರು ಇಳಿದುಹೋಗುತ್ತದೆ. ನಿಮ್ಮ ತಳವಿಲ್ಲದ ತೂತಿನ ಡ್ರಮ್, ಅಲ್ಲ, ತೂತಿಲ್ಲದ ತಳದ ಡ್ರಮ್ ಗುಂಡಿ ಇದ್ದ ಹಾಗೆ. ಇಟ್ಟಿಗೆಯ ಮೇಲೆ ಏರಿದರೆ ರಾಶಿಯಾಗುತ್ತದೆ.

ಹುಳುಗಳ ವಿಷಯ. ನೀವು ಹೇಳಿದ ಗುರುತು ನೋಡಿದರೆ ಅವು ಬ್ಲ್ಯಾಕ್ ಸೋಲ್ಜರ್ ಫ್ಲೈ ಅನ್ನುವ ನೊಣದ ಮರಿಗಳು. ಬೆಳೆದ ನೊಣ ಕಣಜದ ಹಾಗೆ ಕಾಣುತ್ತದೆ, ಕುಟುಕುವುದಿಲ್ಲ. ಮನೆ ನೊಣದ ಹಾಗೆ ನಮ್ಮ ಊಟದ ಮೇಲೆ ಬಂದು ಕೂರುವ ಜಾತಿಯಲ್ಲ. ಮರಿಗಳು ಮಾತ್ರ ಹೊಟ್ಟೆಬಾಕರು, ಒಂದು ಬಕೆಟ್ ಸಿಪ್ಪೆಯನ್ನು ನೋಡನೋಡುತ್ತಲೇ ಮುಗಿಸುತ್ತವೆ. ಕೋಶ ಕಟ್ಟುವ ಹೊತ್ತಿಗೆ ಮೈ ಕಪ್ಪಾಗಿ, ಒಣ ಜಾಗ ಹುಡುಕಿಕೊಂಡು ಹೊರಡುತ್ತವೆ. ನಿಮ್ಮ ಗೋಡೆ ಹತ್ತುತ್ತಿದ್ದವು ಅವೇ. ಹಾಳಾಗಿದೆ ಅಂತ ಅರ್ಥವಲ್ಲ. ಒಳಗೆ ಒದ್ದೆ ಮತ್ತು ಹಸಿ ಊಟ ಜಾಸ್ತಿ ಇದೆ ಅಂತ ಚೀಟಿ ಕಳಿಸಿದ ಹಾಗೆ. ಎಲೆ ಹೆಚ್ಚಿಸಿದರೆ ತಾವಾಗಿಯೇ ಕಡಿಮೆಯಾಗುತ್ತವೆ. ಬಿಳೀ ಬಣ್ಣದ, ಸಣ್ಣ, ಉರುಟು ಹುಳು ಕಂಡರೆ ಅದು ಮನೆ ನೊಣದ್ದು. ಬೆಚ್ಚಗಿರುವಾಗ ಮೊಟ್ಟೆಯಿಂದ ನೊಣವಾಗಲು ಅದಕ್ಕೆ ಏಳರಿಂದ ಹತ್ತು ದಿನ ಸಾಕು. ಹಾಗಾಗಿ ಸಿಪ್ಪೆಯನ್ನು ಬೆತ್ತಲೆ ಬಿಡಬೇಡಿ, ಹಾಕಿದ ಕೂಡಲೇ ಎಲೆ ಹೊದಿಸಿ.

ಹೊಸಕೈತೋಟ:

ಇಷ್ಟು ಬರೆದಿದ್ದಕ್ಕೆ ತುಂಬಾ ಥ್ಯಾಂಕ್ಸ್. 25 ಲೀಟರ್ ಲೆಕ್ಕ ಅತ್ತೆಗೆ ಓದಿ ಹೇಳಿದೆ, ಅವರೂ ಸುಮ್ಮನಾದರು. ಆದರೆ ಒಂದು ಕಷ್ಟ. ಒಂದಕ್ಕೆ ಮೂರು ಪಾತ್ರೆ ಒಣ ಎಲೆ ಈ ಮಳೆಯಲ್ಲಿ ಎಲ್ಲಿಂದ ತರಲಿ? ಮರದ ಕೆಳಗಿರುವುದೆಲ್ಲ ನೆನೆದಿದೆ.

ತರಗೆಲೆಚೀಲ:

ಇದೇ ಪ್ರಶ್ನೆಗೆ ಕಾಯುತ್ತಿದ್ದೆ. ಮಳೆಗಾಲದ ಕಾಂಪೋಸ್ಟನ್ನು ಮಳೆಗಾಲದಲ್ಲಿ ಮಾಡಲು ಆಗುವುದಿಲ್ಲ. ಎಲೆ ಉದುರುವ ಕಾಲದಲ್ಲೇ ಮಾಡಿಡಬೇಕು. ನಾನು ಪ್ರತಿ ವರ್ಷ ಹದಿನಾಲ್ಕು ಚೀಲ ತುಂಬಿಸುತ್ತೇನೆ. ಬೆಳಗ್ಗೆ ಪೊರಕೆ ಮತ್ತು ಚೀಲ ಹಿಡಿದು ಬೀದಿಯಲ್ಲಿ ಹೊರಟರೆ ಕೆಲವರು ಅಯ್ಯೋ ಪಾಪ ಅನ್ನುವ ಹಾಗೆ ನೋಡುತ್ತಾರೆ. ನೋಡಲಿ. ಗುಡಿಸಿದ ಎಲೆಗೆ ಬೆಂಕಿ ಹಚ್ಚುವವರನ್ನು ಕಂಡರೆ ನನಗೂ ಹಾಗೇ ಅನ್ನಿಸುತ್ತದೆ. ಚೀಲ ತುಂಬಿದ ಮೇಲೆ ಒಳಗೆ ಇಳಿದು ತುಳಿಯುತ್ತೇನೆ. ಎಲೆ ಪುಡಿಯಾಗುತ್ತದೆ, ಒಂದು ಚೀಲದಲ್ಲಿ ಮೂರು ಚೀಲದಷ್ಟು ಹಿಡಿಯುತ್ತದೆ.

ಈ ವರ್ಷಕ್ಕೆ ರಟ್ಟು ಬಳಸಿ. ಪಾರ್ಸೆಲ್ ಬಂದ ಕಂದು ಪೆಟ್ಟಿಗೆಗಳ ಟೇಪು, ಚೀಟಿ ಕಿತ್ತು, ಅಂಗೈ ಅಗಲಕ್ಕೆ ಹರಿದು ಹಾಕಿ. ಹೊಳಪಿನ, ಪ್ಲಾಸ್ಟಿಕ್ ಪದರದ ರಟ್ಟು ಬೇಡ. ಮೊಟ್ಟೆಯ ಟ್ರೇ ಸಿಕ್ಕರೆ ಇನ್ನೂ ಒಳ್ಳೆಯದು. ನೀರು ಚೆನ್ನಾಗಿ ಹೀರುತ್ತದೆ, ಮಡಿಕೆಗಳಲ್ಲಿ ಗಾಳಿಯೂ ನಿಲ್ಲುತ್ತದೆ. ದಿನಪತ್ರಿಕೆಯನ್ನು ಪಟ್ಟಿ ಪಟ್ಟಿಯಾಗಿ ಹರಿದು, ಸ್ವಲ್ಪ ಮುದುಡಿ ಹಾಕಬಹುದು. ಮರದ ಕೆಲಸದ ಜಾಗದಲ್ಲಿ ಹೊಟ್ಟು ಸಿಕ್ಕಿತು ಅಂತ ಚೀಲಗಟ್ಟಲೆ ಸುರಿಯಬೇಡಿ. ಅದರಲ್ಲಿ ಇಂಗಾಲ ವಿಪರೀತ, ಸಾರಜನಕದ 300 ಪಟ್ಟಿಗೂ ಮೇಲೆ. ವಾಸನೆ ನಿಲ್ಲುತ್ತದೆ, ಅದರ ಜೊತೆ ಕೊಳೆಯುವುದೂ ನಿಲ್ಲುತ್ತದೆ. ಪ್ಲೈವುಡ್ಡಿನ ಪುಡಿ ಬೇಡವೇ ಬೇಡ, ಅದರಲ್ಲಿ ಅಂಟು ಇರುತ್ತದೆ. ನಿಮ್ಮಲ್ಲಿ ಜರಡಿಯಲ್ಲಿ ಉಳಿದ ಹಳೇ ಒರಟು ಗೊಬ್ಬರ ಇದೆಯಾ? ಇದ್ದರೆ ಅದನ್ನೂ ಎರಡು ಬೊಗಸೆ ಕಲಸಿ. ಬೇರೆ ಪುಡಿ, ದ್ರಾವಣ ಏನೂ ಕೊಳ್ಳಬೇಕಾಗಿಲ್ಲ, ಬೇಕಾದ ಜೀವಿಗಳೆಲ್ಲ ಅದರಲ್ಲೇ ಇವೆ.

ಇನ್ನೊಂದು ಮಾತು, ಇದನ್ನು ನಾನು ಗಿಡ ಸಾಯಿಸಿ ಕಲಿತದ್ದು. ಮಳೆಗಾಲದಲ್ಲಿ ಗೊಬ್ಬರ ಬೇಗ ಕಪ್ಪಗೆ ಕಾಣುತ್ತದೆ. ಕಪ್ಪಾದದ್ದು ನೆನೆದದ್ದಕ್ಕೆ, ಮಾಗಿದ್ದಕ್ಕಲ್ಲ. ಒಂದು ಸಲ ಅವಸರ ಮಾಡಿ ಹನ್ನೊಂದು ಮೆಣಸಿನ ಸಸಿಗಳಿಗೆ ಹಾಕಿದೆ. ಹತ್ತು ದಿನದಲ್ಲಿ ಎಲ್ಲದರ ಎಲೆ ಹಳದಿ. ಅರೆಬೆಂದ ಗೊಬ್ಬರ ಮಣ್ಣಿನಲ್ಲಿ ಕೂತು ಇನ್ನೂ ಕೊಳೆಯುತ್ತಿರುತ್ತದೆ, ಅದಕ್ಕೆ ಬೇಕಾದ ಸಾರಜನಕವನ್ನು ಗಿಡದ ಬಾಯಿಂದಲೇ ಕಿತ್ತುಕೊಳ್ಳುತ್ತದೆ. ಈಗ ನಾನು ಒಂದು ಹಿಡಿ ಒದ್ದೆ ಗೊಬ್ಬರವನ್ನು ಕವರಿನಲ್ಲಿ ಹಾಕಿ, ಬಾಯಿ ಬಿಗಿದು ಒಂದು ವಾರ ಬಿಡುತ್ತೇನೆ. ಬಿಚ್ಚಿದಾಗ ಮಣ್ಣಿನ ವಾಸನೆ ಇದ್ದರೆ ಆಗಿದೆ. ಹುಳಿ ವಾಸನೆ, ಕೊಳೆತ ವಾಸನೆ ಬಂದರೆ ಇನ್ನೊಂದು ತಿಂಗಳು. ಅದರಲ್ಲೂ ನಂಬಿಕೆ ಬರದಿದ್ದರೆ ಸ್ವಲ್ಪ ಗೊಬ್ಬರಕ್ಕೆ ಮಣ್ಣು ಬೆರೆಸಿ ಮೂಲಂಗಿ ಬೀಜ ಹಾಕಿ ನೋಡಿ. ಬೇಗ ಮೊಳೆಯುತ್ತದೆ, ಬೇಗ ಹೇಳಿಬಿಡುತ್ತದೆ.

ಬಾಲ್ಕನಿಬಳ್ಳಿ:

ಸರಿ, ಸುಣ್ಣ ವಾಪಸ್ ತಗೊಂಡೆ. 😀 ತಳದ ತೂತಿನಿಂದ ಇಳಿಯುವ ಕಪ್ಪು ನೀರು ಒಳ್ಳೇ ಟಾನಿಕ್ ಅಂತಾರಲ್ಲ, ಅದನ್ನು ಹಾಗೇ ಹಾಕಬಹುದಾ? ನನ್ನದು ಬಾಲ್ಕನಿ, ಕೆಳಗಿನ ಮನೆಯವರ ಮೇಲೆ ಸೋರಿದರೆ ಜಗಳ.

ತರಗೆಲೆಚೀಲ:

ಕೆಳಗೆ ತಟ್ಟೆ ಇಡಿ. ಆ ನೀರು ಹಸಿ ಕಸದಿಂದ ಇಳಿದದ್ದು, ಮಾಗಿದ ಗೊಬ್ಬರದ ಸಾರ ಅಲ್ಲ. ಒಂದಕ್ಕೆ ಹತ್ತು ಪಾಲು ನೀರು ಬೆರೆಸಿ ಹೂವಿನ ಗಿಡದ ಬುಡಕ್ಕೆ ಹಾಕಿ. ತಿನ್ನುವ ಸೊಪ್ಪಿನ ಮೇಲೆ ಬೇಡ. ನಾರುತ್ತಿದ್ದರೆ ಯಾವ ಗಿಡಕ್ಕೂ ಬೇಡ. ದಿನಾ ತಟ್ಟೆ ತುಂಬುತ್ತಿದ್ದರೆ ಟಾನಿಕ್ ಸಿಕ್ಕಿತು ಅಂತ ಖುಷಿಪಡಬೇಡಿ, ಎಲೆ ಸಾಲುತ್ತಿಲ್ಲ.

ಮಂಜುಬೀಳುವೂರು:

ಚಳಿಗಾಲದ ಪ್ರಶ್ನೆಗೆ ನಾನು ಬರೆಯುತ್ತೇನೆ. ನಾನಿರುವ ಕಡೆ ಮೂರು ತಿಂಗಳು ನೀರು ಹೆಪ್ಪುಗಟ್ಟುತ್ತದೆ. ನಿಮ್ಮಲ್ಲಿ ಅಷ್ಟು ಚಳಿ ಇರಲಿಕ್ಕಿಲ್ಲ, ಆದರೂ ವಿಷಯ ಒಂದೇ.

ಚಳಿಯಲ್ಲಿ ಸೂಕ್ಷ್ಮಜೀವಿಗಳು ನಿಧಾನವಾಗುತ್ತವೆ, ಎಲ್ಲವೂ ಸಾಯುವುದಿಲ್ಲ. ಅವು ಕೆಲಸ ಮಾಡುವಾಗ ಹುಟ್ಟುವ ಬಿಸಿಯನ್ನು ಒಳಗೇ ಉಳಿಸಿಕೊಳ್ಳುವುದು ನಮ್ಮ ಕೆಲಸ. ಅದಕ್ಕೆ ಗಾತ್ರ ಬೇಕು. ಉದ್ದ, ಅಗಲ, ಎತ್ತರ ಮೂರೂ ಮೂರು ಅಡಿ ಇದ್ದರೆ ನಡುವೆ ಬಿಸಿ ನಿಲ್ಲುತ್ತದೆ. ನನ್ನದು ಮರದ ಪೆಟ್ಟಿಗೆ, ನಾಲ್ಕಡಿಯದು. ಸುತ್ತ ಒಣಹುಲ್ಲು ಒತ್ತಿ ಕಟ್ಟುತ್ತೇನೆ. ಹೋದ ಚಳಿಗಾಲ ಹೊರಗೆ ಸೊನ್ನೆಗಿಂತ 6 ಡಿಗ್ರಿ ಕೆಳಗಿದ್ದ ಒಂದು ಬೆಳಗ್ಗೆ ಉದ್ದನೆಯ ಥರ್ಮಾಮೀಟರ್ ಚುಚ್ಚಿದೆ. ಒಳಗೆ 41 ಡಿಗ್ರಿ. ಮೇಲೆ ಮಂಜು, ಒಳಗೆ ಬಿಸಿನೀರಿನ ಹದ. ಮೂರು ಸಲ ಚುಚ್ಚಿ ನೋಡಿದೆ, ನಂಬಿಕೆ ಬರಲಿಲ್ಲ.

ಆ ಸಮಯದಲ್ಲಿ ಮಗುಚಬಾರದು. ಮಗುಚಿದರೆ ಬಿಸಿಯೆಲ್ಲ ಹೋಗುತ್ತದೆ. ಸಿಪ್ಪೆಯನ್ನು ಸಣ್ಣಗೆ ಹೆಚ್ಚಿ, ನಡುವೆ ಗುಳಿ ಮಾಡಿ ಹೂಳುತ್ತೇನೆ. 200 ಲೀಟರಿನ ಡ್ರಮ್ಮಿನಲ್ಲಿ ಇಷ್ಟು ಬಿಸಿ ನಿಲ್ಲುವುದು ಕಷ್ಟ, ನಿಮ್ಮದು ತಣ್ಣಗೆ ನಿಧಾನವಾಗಿ ನಡೆಯುತ್ತದೆ. ಪರವಾಗಿಲ್ಲ. ಆದರೆ ರೋಗ ಬಂದ ಗಿಡ, ಬೀಜ ಕಟ್ಟಿದ ಕಳೆ ಮಾತ್ರ ಅದಕ್ಕೆ ಹಾಕಬೇಡಿ. ರೋಗಾಣು ಸಾಯಲು 55 ಡಿಗ್ರಿಯ ಮೇಲೆ ಕೆಲವು ದಿನ ಬಿಸಿ ನಿಲ್ಲಬೇಕು. ಪೂರ್ತಿ ಹೆಪ್ಪುಗಟ್ಟಿದರೂ ಸಿಪ್ಪೆ ಹಾಕುವುದು ನಿಲ್ಲಿಸಬೇಡಿ ಅಂತ ಇಲ್ಲಿನವರಿಗೆ ಹೇಳುತ್ತಿರುತ್ತೇನೆ. ಹೆಪ್ಪುಗಟ್ಟಿ ಕರಗುವಾಗ ಸಿಪ್ಪೆಯೊಳಗಿನ ಕೋಶಗಳು ಒಡೆಯುತ್ತವೆ, ಬೆಚ್ಚಗಾದ ಕೂಡಲೇ ಬೇಗ ಕೊಳೆಯುತ್ತದೆ. ಆದರೆ ಎಲ್ಲ ನೀರೂ ಒಟ್ಟಿಗೆ ಇಳಿಯುತ್ತದೆ. ಆಗ ನನಗೂ ಎಲೆಯ ಚೀಲವೇ ಗತಿ.

ತರಗೆಲೆಚೀಲ:

41 ಡಿಗ್ರಿ ಓದಿ ಹೊಟ್ಟೆಕಿಚ್ಚಾಯಿತು. ನನ್ನ ಹತ್ತಿರ ಥರ್ಮಾಮೀಟರ್ ಇಲ್ಲ. ಕಬ್ಬಿಣದ ಸರಳು ಚುಚ್ಚಿಟ್ಟು ಹತ್ತು ನಿಮಿಷ ಬಿಟ್ಟು ಹಿಡಿದು ನೋಡುತ್ತೇನೆ. ಹಿಡಿದುಕೊಳ್ಳಲು ಆಗದಷ್ಟು ಬಿಸಿ ಇದ್ದರೆ ಅವತ್ತು ಖುಷಿ.

ಬೇಸಿಗೆಯದ್ದೂ ಹೇಳಿಬಿಡುತ್ತೇನೆ, ಜಾಸ್ತಿ ಇಲ್ಲ. ರಾಶಿಯಲ್ಲಿ ಇರುವೆ ಗೂಡು ಕಟ್ಟಿದರೆ ಒಣಗಿದೆ ಅಂತ ತಿಳಿಯಿರಿ. ಮೇಲಿಂದ ನೀರು ಸುರಿದರೆ ಒಂದೇ ದಾರಿ ಹಿಡಿದು ಕೆಳಗೆ ಇಳಿದುಹೋಗುತ್ತದೆ, ಪಕ್ಕದ್ದು ಒಣಗಿಯೇ ಇರುತ್ತದೆ. ಮಗುಚುತ್ತಾ ಚಿಮುಕಿಸಬೇಕು. ಡ್ರಮ್ಮನ್ನು ನೆರಳಿಗೆ ಸರಿಸಿ. ಎರೆಹುಳು ಸಾಕುವ ಆಸೆ ಇದ್ದರೆ ಬೇರೆ ತೊಟ್ಟಿ ಇಡಿ. ಬಿಸಿಯೇರಿದ ರಾಶಿಯಲ್ಲಿ ಅವು ಬದುಕುವುದಿಲ್ಲ.

ಹೊಸಕೈತೋಟ:

ಐದು ವಾರದ ನಂತರದ ವರದಿ.

ಟಾರ್ಪಾಲಿನ್ ಮೇಲೆ ಸುರಿದ ದಿನ ಮಧ್ಯಾಹ್ನದ ಊಟ ಯಾರಿಗೂ ಸೇರಲಿಲ್ಲ, ಅದನ್ನು ನೀವು ಮೊದಲೇ ಹೇಳಬೇಕಿತ್ತು. ತಳಕ್ಕೆ ಹನ್ನೆರಡು ತೂತು ಕೊರೆದೆ. ತಳದಲ್ಲಿ ನಿಂತಿದ್ದ ಕಪ್ಪು ನೀರು ಅಳೆದು ನೋಡಿದೆ, ಒಂಬತ್ತು ಲೀಟರ್. ರಟ್ಟು ಹರಿದು ಹರಿದು ಉಗುರು ಸವೆದಿದೆ. ಮೊಟ್ಟೆ ಟ್ರೇ ಅತ್ತೆಯೇ ಎಲ್ಲಿಂದಲೋ ಹತ್ತು ತಂದುಕೊಟ್ಟರು, ಕೇಳಿದರೆ ಹೇಳಲಿಲ್ಲ.

ಮೊಟ್ಟೆ ವಾಸನೆ ನಾಲ್ಕನೇ ದಿನಕ್ಕೆ ಹೋಯಿತು. ಹುಳುಗಳು ಇನ್ನೂ ಇವೆ, ಕಡಿಮೆ. ಮೊನ್ನೆ ಬಿಳೀ ಪುಡಿಯ ಹಾಗೆ ಏನೋ ಹರಡಿತ್ತು, ಗಾಬರಿಯಾಗಿ ಮೂಸಿದರೆ ಮೊದಲ ಮಳೆ ಬಿದ್ದ ಮಣ್ಣಿನ ವಾಸನೆ. ಬಿಟ್ಟುಬಿಟ್ಟೆ. ಕವರಿನ ಪರೀಕ್ಷೆಯಲ್ಲಿ ಮಾತ್ರ ಫೇಲ್, ಹುಳಿ ವಾಸನೆ. ಇನ್ನೊಂದು ತಿಂಗಳು ಕಾಯುತ್ತೇನೆ.

ಬೀದಿಯ ಕೊನೆಯಲ್ಲಿ ಒಂದು ದೊಡ್ಡ ಮರ ಇದೆ, ಇಷ್ಟು ವರ್ಷ ಅದು ಯಾವ ತಿಂಗಳು ಎಲೆ ಉದುರಿಸುತ್ತದೆ ಅಂತಲೇ ನಾನು ನೋಡಿಲ್ಲ. ಎಂಟು ಖಾಲಿ ಚೀಲ ತೊಳೆದು ಮಡಚಿ ಇಟ್ಟಿದ್ದೇನೆ.

ತರಗೆಲೆಚೀಲ:

ಬಿಳೀ ಪುಡಿ ಒಳ್ಳೆಯದೇ, ಮಣ್ಣಿನ ವಾಸನೆ ಬರಿಸುವುದೂ ಅದೇ ಜೀವಿಗಳು. ಅದನ್ನು ಕಲಕದೇ ಬಿಡಿ.

ಎಂಟು ಸಾಲದು.